ಡೆಂಗ್ಯೂ ಮತ್ತೆ ಏಕೆ ಬರುತ್ತದೆ?

2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ‘ಒಮ್ಮೆ ಬಂದು ಹೋದರೆ ಮತ್ತೆ ಬರುವುದಿಲ್ಲ’ ಎಂಬ ಮಾತನ್ನು ಆಗ ರಾಜಾಜಿನಗರದ ನಮ್ಮ ಬೀದಿಯಲ್ಲಿ ಕೇಳಿದೆ. ಅದು ಅರ್ಧ ಸತ್ಯ.

ವೈರಾಣು ದೇಹವನ್ನು ಹೊಕ್ಕಾಗ ಬಿಳಿ ರಕ್ತಕಣಗಳು ಪ್ರತಿಕಾಯಗಳನ್ನು ತಯಾರಿಸುತ್ತವೆ. ಜ್ವರ ಇಳಿದ ಮೇಲೂ ಸ್ಮೃತಿ ಕೋಶಗಳು ಅದರ ಗುರುತನ್ನು ಉಳಿಸಿಕೊಳ್ಳುತ್ತವೆ. ಆದರೆ ಡೆಂಗ್ಯೂ ವೈರಾಣುವಿನಲ್ಲಿ 4 ಬಗೆಗಳಿವೆ. ಬಂದು ಹೋದ ಬಗೆಯಿಂದ ಮಾತ್ರ ದೀರ್ಘಕಾಲ ರಕ್ಷಣೆ. ಮುಂದೆ ಬೇರೆ ಬಗೆ ಬಂದರೆ, ಹಳೆಯ ಪ್ರತಿಕಾಯಗಳು ಅದಕ್ಕೆ ಅಂಟಿಕೊಂಡರೂ ನಾಶಮಾಡಲಾರದೆ, ಅದು ಜೀವಕೋಶದೊಳಗೆ ನುಗ್ಗಲು ದಾರಿ ಮಾಡಿಕೊಡಬಹುದು. ಹಾಗಾಗಿ ಎರಡನೇ ಸಲ ಅಪಾಯ ಹೆಚ್ಚು.

ಜ್ವರ ಇಳಿಯುವಾಗ ತೀವ್ರ ಹೊಟ್ಟೆನೋವು, ಪದೇಪದೇ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ. ಹಿಂದೆ ಡೆಂಗ್ಯೂ ಬಂದಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ.