ಹಳೆಯ ಸ್ಟಾರ್ಟರ್ ಕೊಳ್ಳುವ ಮುನ್ನ

ಕಳೆದ ಅಡಿಕೆ ಕೊಯ್ಲಿನಲ್ಲಿ ಮಂಡಿಗೆ ಹೊರಟ ನಮ್ಮ ಜೀಪು ಚೀಲ ಹೇರಿಕೊಂಡು ಶಿವನಿಯಲ್ಲೇ ನಿಂತಿತು. ಕೀಲಿ ತಿರುಗಿಸಿದರೆ ‘ಟಕ್’ ಎಂಬ ಸದ್ದು ಮಾತ್ರ. ಸ್ಟಾರ್ಟರ್ ಕೆಟ್ಟಿತೆಂದು ಬಗೆದು ಗುಜರಿಯಿಂದ ಹಳೆಯದೊಂದನ್ನು ತಂದು ಕೂರಿಸಿದೆವು. ಮತ್ತೆ ಅದೇ ‘ಟಕ್’! ದೋಷವಿದ್ದುದು ಕಿಲುಬು ಹಿಡಿದ ಅರ್ಥ್ ತಂತಿಯಲ್ಲಿ. ಹಣವೂ ಹೋಯಿತು, ಮಂಡಿಯ ದಿನವೂ ತಪ್ಪಿತು. ಸದಸ್ಯ ಬಾಂಧವರಿಗೆ ಹೀಗಾಗದಿರಲೆಂದು ಈ ನಾಲ್ಕು ಮಾತು.

ಹಿಂದೆ ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದ ಕೈಯ ಕೆಲಸವನ್ನೇ ಸ್ಟಾರ್ಟರ್ ಮಾಡುತ್ತದೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಇದು 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದಿತು. ಕೀಲಿ ತಿರುಗಿಸಿದೊಡನೆ ಸೊಲೆನಾಯ್ಡ್ ಎರಡು ಕೆಲಸ ಮಾಡುತ್ತದೆ: ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರವನ್ನು ಫ್ಲೈವೀಲಿನ ಹಲ್ಲಿಗೆ ಕೂಡಿಸುತ್ತದೆ; ಬ್ಯಾಟರಿಯ ಪೂರ್ಣ ಕರೆಂಟನ್ನು ಮೋಟಾರಿಗೆ ಬಿಡುತ್ತದೆ. ನೂರು ಆಂಪಿಯರಿಗೂ ಮೀರಿದ ಈ ಕರೆಂಟು ಸಡಿಲ ಟರ್ಮಿನಲ್‌, ಕಿಲುಬು ತಂತಿಗಳಲ್ಲಿ ಹರಿಯಲಾರದು. ಆದ್ದರಿಂದ ಮೊದಲು ಬ್ಯಾಟರಿ, ಟರ್ಮಿನಲ್, ಅರ್ಥ್ ತಂತಿಗಳನ್ನು ನೋಡಿರಿ.

ಸ್ಟಾರ್ಟರೇ ಕೆಟ್ಟಿದ್ದರೂ ಅವಸರ ಬೇಡ. ಎಷ್ಟೋ ಸಲ ಸವೆದಿರುವುದು ಕಾರ್ಬನ್ ಬ್ರಷ್ ಅಥವಾ ಬುಷ್ ಮಾತ್ರ; ಅವನ್ನು ಬದಲಿಸಿದರೆ ಸಾಕು.

ಹಳೆಯದನ್ನೇ ಕೊಳ್ಳುವುದಾದರೆ ನಿಮ್ಮದನ್ನು ಬಿಚ್ಚಿ ಜೊತೆಗೆ ಒಯ್ಯಿರಿ. ಪಿನಿಯನ್ನಿನ ಹಲ್ಲು ಎಣಿಸಿರಿ. ಬೋಲ್ಟಿನ ತೂತು, ತಿರುಗುವ ದಿಕ್ಕು ಹೊಂದಬೇಕು. ಶಾಫ್ಟನ್ನು ಅಲುಗಿಸಿ ನೋಡಿರಿ. ಲೊಡಲೊಡ ಎಂದರೆ ಬುಷ್ ಸವೆದಿದೆ. ವೈಸಿನಲ್ಲಿ ಬಿಗಿದು ಬ್ಯಾಟರಿ ಕೊಟ್ಟು ತಿರುಗಿಸಿ ತೋರಿಸಲು ಕೇಳಿರಿ. ಪಿನಿಯನ್ ಮುಂದೆ ಹಾರಿ ಬರಬೇಕು, ಕರೆಂಟು ನಿಂತಾಗ ಹಿಂದೆ ಸರಿಯಬೇಕು. ತೋರಿಸಲು ಒಲ್ಲೆನೆಂದರೆ ಮುಂದಿನ ಅಂಗಡಿಗೆ ನಡೆಯಿರಿ. ಹೊಂದದಿದ್ದರೆ ಹಿಂದಕ್ಕೆ ಪಡೆಯುವ ಮಾತನ್ನು ರಸೀತಿಯಲ್ಲಿಯೇ ಬರೆಸಿಕೊಳ್ಳಿರಿ.

ಇದೆಲ್ಲ ಕೊಯ್ಲಿಗೆ ಮುಂಚೆಯೇ ಆಗಲಿ.