ಬೆನ್ನುಮೂಳೆ ಮುರಿದಾಗ ಕಾಲಿನ ನಾಡಿಯನ್ನೂ ನೋಡಬೇಕು

ಹೊನ್ನಾಳಿ, ಚನ್ನಗಿರಿ, ನ್ಯಾಮತಿ ಸೀಮೆಯಲ್ಲಿ ಅಡಿಕೆ ಕೊಯ್ಲಿಗೆ ಮರವೇರಿದವರು ಜಾರಿ ಬೀಳುವುದು, ಬದುವಿನಲ್ಲಿ ಟ್ರ್ಯಾಕ್ಟರ್ ಮಗುಚುವುದು ಹೊಸ ಸಂಗತಿಗಳಲ್ಲ. ಬಿದ್ದವರು ಕಾಲು ಎತ್ತಲಾರದೆ ಹೋದರೆ, ಬೆನ್ನುಮೂಳೆ ಮುರಿದು ನರಕ್ಕೆ ಪೆಟ್ಟಾಗಿದೆ ಎಂದು ನೆರೆದವರು ನಿರ್ಧರಿಸುತ್ತಾರೆ. ಬಹುಮಟ್ಟಿಗೆ ಅದು ಸರಿಯೇ. ಆದರೆ ಅಪರೂಪಕ್ಕೆ ನರಕ್ಕಿಂತಲೂ ತುರ್ತಾದ ಅಪಾಯವೊಂದು ಅಲ್ಲಿ ಅಡಗಿರುತ್ತದೆ.

ಹೃದಯದಿಂದ ಹೊರಟ ಮಹಾಪಧಮನಿಯು ಹೊಟ್ಟೆಯೊಳಗೆ ಬೆನ್ನುಮೂಳೆಯ ಮುಂಭಾಗಕ್ಕೆ ಆತುಕೊಂಡೇ ಇಳಿದು, ಹೆಚ್ಚುಕಡಿಮೆ ಹೊಕ್ಕುಳಿನ ಮಟ್ಟದಲ್ಲಿ ಎರಡಾಗಿ ಕವಲೊಡೆದು ಕಾಲುಗಳತ್ತ ಸಾಗುತ್ತದೆ. ಅದರ ಬಲಕ್ಕೆ, ರಕ್ತವನ್ನು ಹಿಂದಕ್ಕೆ ಒಯ್ಯುವ ಮಹಾಭಿಧಮನಿ. ಮೂಳೆ ಮುರಿದಾಗ ಅದರ ಚೂರು ಈ ನಾಳಗಳನ್ನು ಸೀಳಬಹುದು. ಕೆಲವೊಮ್ಮೆ ಅಪಧಮನಿಯ ಒಳಪದರವಷ್ಟೇ ಹರಿದು, ರಕ್ತ ಹೆಪ್ಪುಗಟ್ಟಿ, ಹರಿವೇ ನಿಂತುಬಿಡುತ್ತದೆ. ರಸ್ತೆ ಅಪಘಾತದಲ್ಲಿ ದೇಹವು ಸೊಂಟಪಟ್ಟಿಯ ಮೇಲೆ ಮುಂದಕ್ಕೆ ಮಡಚಿಕೊಂಡಾಗ ಬೆನ್ನುಮೂಳೆ ಅಡ್ಡಲಾಗಿ ಸೀಳುವುದುಂಟು. ಇಂಥ ಮುರಿತವನ್ನು 1948ರಲ್ಲಿ ವಿವರಿಸಿದ ಚಾನ್ಸ್ ಎಂಬ ವೈದ್ಯರ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಕಾರಿನಲ್ಲಿ ಭುಜದ ಪಟ್ಟಿಯನ್ನು ಬೆನ್ನ ಹಿಂದೆ ಸರಿಸಿ ಕೂರುವವರು ಇದನ್ನು ಗಮನಿಸಬೇಕು.

ಗುರುತಿಸುವುದು ಹೇಗೆ? ನರಕ್ಕಷ್ಟೇ ಪೆಟ್ಟಾಗಿದ್ದರೆ ಕಾಲು ಅಲುಗದಿದ್ದರೂ ಸಾಮಾನ್ಯವಾಗಿ ಬೆಚ್ಚಗಿರುತ್ತದೆ, ನಾಡಿ ಸಿಗುತ್ತದೆ. ರಕ್ತದ ಹರಿವು ನಿಂತಿದ್ದರೆ ಕಾಲು ತಣ್ಣಗಾಗಿ ಬಿಳಿಚಿಕೊಳ್ಳುತ್ತದೆ. ತೊಡೆಸಂದಿನಲ್ಲಿ, ಪಾದದ ಮೇಲ್ಭಾಗದಲ್ಲಿ ನಾಡಿ ಕ್ಷೀಣಿಸುತ್ತದೆ ಅಥವಾ ಸಿಗುವುದೇ ಇಲ್ಲ. ಎರಡೂ ಸ್ಥಿತಿಗಳಲ್ಲಿ ಕಾಲು ಸ್ವಾಧೀನ ತಪ್ಪುವುದರಿಂದಲೇ ವೈದ್ಯರೂ ಒಮ್ಮೊಮ್ಮೆ ಮೋಸಹೋಗುತ್ತಾರೆ. ನಾಳ ಒಡೆದಿದ್ದರೆ ರಕ್ತ ಹೊಟ್ಟೆಯ ಹಿಂಭಾಗದಲ್ಲಿ ಶೇಖರವಾಗುವುದರಿಂದ ಹೊರಗೆ ಒಂದು ಹನಿಯೂ ಕಾಣದಿರಬಹುದು. ಬೆವರು, ಬಿಳಿಚಿದ ಮುಖ, ವೇಗವಾದ ನಾಡಿ, ಹೊಟ್ಟೆ ಅಥವಾ ಬೆನ್ನಿನ ತೀವ್ರ ನೋವು ಇವೇ ಸುಳಿವುಗಳು.

ರಕ್ತವಿಲ್ಲದೆ ಸುಮಾರು 6 ಗಂಟೆ ಕಳೆದರೆ ಕಾಲಿನ ಸ್ನಾಯುಗಳು ಚೇತರಿಸಿಕೊಳ್ಳುವುದು ಕಷ್ಟ. ಹೊನ್ನಾಳಿಯಿಂದ ದಾವಣಗೆರೆಯಾಗಲಿ ಶಿವಮೊಗ್ಗೆಯಾಗಲಿ 40 ಕಿಲೋಮೀಟರಿನ ಆಸುಪಾಸಿನಲ್ಲಿವೆ. ತಡವಾಗುವುದು ಹೆಚ್ಚಾಗಿ ಮನೆಯಂಗಳದಲ್ಲಿಯೇ. ಗಾಯಾಳುವನ್ನು ಎಬ್ಬಿಸಿ ಕೂರಿಸಬಾರದು, ಬೈಕಿನ ನಡುವೆ ಹಿಡಿದು ಒಯ್ಯಬಾರದು, ಬೆನ್ನು ನೀವಬಾರದು, ನೀರನ್ನೂ ಕುಡಿಸಬಾರದು. 108ಕ್ಕೆ ಕರೆಮಾಡಿ, ಅಲುಗಾಡಿಸದೆ ಕಾಯಬೇಕು. ಸರಿಸುವುದು ಅನಿವಾರ್ಯವಾದರೆ ಮೂರು ನಾಲ್ಕು ಜನ ಸೇರಿ, ತಲೆ, ಬೆನ್ನು, ಸೊಂಟ ಒಂದೇ ಸರಳರೇಖೆಯಲ್ಲಿರುವಂತೆ ಹೊರಳಿಸಿ ಹಲಗೆಯ ಮೇಲೆ ಮಲಗಿಸಬೇಕು.

ದೊಡ್ಡ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಔಷಧಿ ಹಾಯಿಸಿ ತೆಗೆಯುವ ಸಿ.ಟಿ. ಚಿತ್ರದಿಂದ ಗಾಯ ಸ್ಪಷ್ಟವಾಗುತ್ತದೆ. ಸಾಮಾನ್ಯವಾಗಿ ಮೊದಲು ನಾಳದ ದುರಸ್ತಿ, ಆಮೇಲೆ ಮೂಳೆಯದು. ಹೊಟ್ಟೆ ತೆರೆದು ಹೊಲಿಯುವುದಷ್ಟೇ ಅಲ್ಲದೆ, ತೊಡೆಯ ನಾಳದ ಮೂಲಕ ಆವರಣವುಳ್ಳ ಸ್ಟೆಂಟ್ ಇರಿಸುವ ಕ್ರಮವೂ ಈಗ ಇದೆ. ಎಷ್ಟು ಎತ್ತರದಿಂದ, ಎಷ್ಟು ಹೊತ್ತಿಗೆ ಬಿದ್ದರು, ಕಾಲು ಯಾವಾಗ ತಣ್ಣಗಾಯಿತು ಎಂಬುದನ್ನು ಜೊತೆಗೆ ಹೋದವರು ವೈದ್ಯರಿಗೆ ಮೊದಲೇ ತಿಳಿಸಬೇಕು.