ದೂರಿಗಿಂತ ಮೊದಲು ಪರಿಚಯ

ಬೇಸಿಗೆ ರಜೆ ಮುಗಿಯುತ್ತಾ ಬಂದಂತೆ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಿಂದ ಕೆಂಗೇರಿಯವರೆಗೆ ಮನೆಮನೆಯಲ್ಲೂ ಸಮವಸ್ತ್ರ, ಪುಸ್ತಕ, ಶುಲ್ಕಗಳ ಚಿಂತೆ ಶುರುವಾಗುತ್ತದೆ. ಆದರೆ ಮಗು ದಿನದ ಆರೇಳು ಗಂಟೆ ಯಾರ ಕೈಯಲ್ಲಿ ಇರಲಿದೆ ಎಂಬುದು ಮಾತ್ರ ಬಹುಪಾಲು ತಂದೆತಾಯಂದಿರಿಗೆ ತಿಳಿದಿರುವುದಿಲ್ಲ. ತರಗತಿ ಶಿಕ್ಷಕರ ಹೆಸರು ಗೊತ್ತಾಗುವುದು ಶಾಲೆ ಆರಂಭವಾದ ಮೇಲೆ. ಅವರ ದನಿ ಕೇಳಿಸುವುದು ಅನೇಕ ವೇಳೆ ಮೊದಲ ದೂರಿನ ಜೊತೆಗೆ. ಮಗು ಬರೆಯುವುದಿಲ್ಲ, ಗಲಾಟೆ ಮಾಡುತ್ತದೆ ಎಂಬ ಕರೆಯಿಂದ ಮೊದಲಾದ ಸಂಬಂಧ ವರ್ಷವಿಡೀ ಅದೇ ಧಾಟಿಯಲ್ಲಿ ಸಾಗುತ್ತದೆ. ಶಾಲೆಯ ಮೆಟ್ಟಿಲು ಹತ್ತಿರದ ಪೋಷಕರಿಗಂತೂ ಆ ಒಂದು ಕರೆಯೇ ಶಾಲೆಯಿಂದ ದೂರ ಉಳಿಯಲು ಸಾಕಾಗುತ್ತದೆ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮು, ಪೋಷಕರೊಂದಿಗೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಕೆಯ ಸಾಮರ್ಥ್ಯ ಮತ್ತು ಪ್ರಗತಿಯನ್ನು ತಿಳಿಸುವುದು ಶಿಕ್ಷಕರ ಕರ್ತವ್ಯವೆಂದು ವಿಧಿಸಿದೆ. ಇದು ವರ್ಷದ ನಡುವೆ ವರದಿ ಒಪ್ಪಿಸುವ ಮಾತು. ವರದಿಯನ್ನು ನಂಬಬೇಕಾದರೆ ಅದನ್ನು ಹೇಳುವವರ ಪರಿಚಯ ಮೊದಲೇ ಇರಬೇಕು. ಆ ಪರಿಚಯಕ್ಕೆ ತಕ್ಕ ಕಾಲ ಶಾಲೆ ತೆರೆಯುವುದಕ್ಕೆ ಮುಂಚಿನ ಒಂದೆರಡು ವಾರ.

ಯಾವ ಹೊತ್ತು, ಯಾವ ಭಾಷೆ

ರಾಜಾಜಿನಗರ ಕೈಗಾರಿಕೆಗಳನ್ನು ಗಮನದಲ್ಲಿರಿಸಿಕೊಂಡು 1949ರ ಸುಮಾರಿಗೆ ರೂಪುಗೊಂಡ ಬಡಾವಣೆ. ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಗಳಲ್ಲಿ, ಮೈಸೂರು ರಸ್ತೆಯ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿಯುವವರ ಮಕ್ಕಳು ಸುತ್ತಲಿನ ಶಾಲೆಗಳಲ್ಲಿ ಓದುತ್ತಾರೆ. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಅಂಥ ತಾಯಿಗೆ ಅದು ಅರ್ಧ ದಿನದ ಕೂಲಿ. ಆಕೆ ಬಾರದಿದ್ದುದನ್ನು ಅನಾಸಕ್ತಿಯೆಂದು ಬರೆದುಕೊಳ್ಳುವುದು ಸುಲಭ, ಆದರೆ ಅದು ನ್ಯಾಯವಲ್ಲ. ಸಂಜೆ ಏಳರ ನಂತರದ ಐದು ನಿಮಿಷದ ದೂರವಾಣಿ ಕರೆ ಅಥವಾ ಭಾನುವಾರ ಬೆಳಗಿನ ಒಂದು ಗಂಟೆ ಇಲ್ಲಿ ಹೆಚ್ಚು ಫಲಕಾರಿ.

ಈ ಭಾಗದ ಮನೆಗಳಲ್ಲಿ ಕನ್ನಡದ ಜೊತೆಗೆ ತೆಲುಗು, ತಮಿಳು, ಉರ್ದು, ಹಿಂದಿಯೂ ಇವೆ. ಅಕ್ಷರ ಬಾರದ ತಾಯಿಗೆ ಬರೆದ ಸೂಚನೆಗಿಂತ ಮೊಬೈಲಿಗೆ ಕಳುಹಿಸಿದ ಅರ್ಧ ನಿಮಿಷದ ಧ್ವನಿ ಸಂದೇಶವೇ ಮೇಲು.

ಸಮೀಕ್ಷೆಯಲ್ಲ, ಭೇಟಿ

ಮನೆಗೆ ಹೋಗುವುದಾದರೆ ಒಂದು ಸೂಕ್ಷ್ಮವನ್ನು ಅರಿತಿರಬೇಕು. ಕರ್ನಾಟಕದಲ್ಲಿ ಶಿಕ್ಷಕರು ಬಾಗಿಲಿಗೆ ಬರುವುದು ಬಹುಮಟ್ಟಿಗೆ ಲೆಕ್ಕ ಬರೆಯಲು. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೂ ಶಿಕ್ಷಕರೇ ಮನೆಮನೆ ಅಲೆದರು. ಆದುದರಿಂದ ಶಿಕ್ಷಕರನ್ನು ಕಂಡೊಡನೆ ಪಡಿತರ ಚೀಟಿ, ಆಧಾರ್ ಹುಡುಕುವುದು ಜನರಿಗೆ ರೂಢಿಯಾಗಿದೆ. ಪರಿಚಯದ ಭೇಟಿಗೆ ಕಾಗದಪತ್ರ ಬೇಡ. ಜಾತಿ, ಆದಾಯ, ಶುಲ್ಕದ ಬಾಕಿಯ ಮಾತು ಅಲ್ಲಿ ಬರಕೂಡದು. 'ಮಗುವನ್ನು ನೋಡಲು ಬಂದೆ' ಎಂಬ ಒಂದು ಮಾತಿನಿಂದ ಅರ್ಧ ಅಳುಕು ದೂರವಾಗುತ್ತದೆ.

ಕೊರೋನಾ ಕಾಲದಲ್ಲಿ, 2020ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನಡೆದ 'ವಿದ್ಯಾಗಮ'ದಲ್ಲಿ ಸರ್ಕಾರಿ ಶಾಲಾ ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಹೇಳಿದರು. ಸೋಂಕಿನ ಆತಂಕದಿಂದ ಅದು ನಿಂತಿತು. ಆದರೂ ಶಾಲೆಯೇ ಮನೆಯ ಕಡೆಗೆ ನಡೆಯಬಲ್ಲದು ಎಂಬುದು ಅಂದು ಕಣ್ಣಿಗೆ ಬಿತ್ತು.

ಅಮೆರಿಕದ ಸ್ಯಾಕ್ರಮೆಂಟೊ ನಗರದಲ್ಲಿ 1998ರಲ್ಲಿ ಪೋಷಕರು ಮತ್ತು ಶಿಕ್ಷಕರು ಕೂಡಿ ಆರಂಭಿಸಿದ ಗೃಹಭೇಟಿ ಪದ್ಧತಿಯ ನಿಯಮಗಳು ಇಲ್ಲಿಗೂ ಹೊಂದುತ್ತವೆ. ಮುಂಚಿತವಾಗಿ ತಿಳಿಸಿಯೇ ಹೋಗಬೇಕು. ಇಬ್ಬರು ಜೊತೆಯಾಗಿ ಹೋಗಬೇಕು. ಭೇಟಿ ಎರಡೂ ಕಡೆಯವರಿಗೆ ಐಚ್ಛಿಕವಾಗಿರಬೇಕು. 'ಸಮಸ್ಯೆಯ' ಮಕ್ಕಳನ್ನೇ ಆರಿಸಿಕೊಳ್ಳಬಾರದು. ಶಿಕ್ಷಕರ ಈ ಸಮಯಕ್ಕೆ ಅಲ್ಲಿ ಸಂಭಾವನೆಯೂ ಉಂಟು. ಈಗಾಗಲೇ ಹಲವು ಹೊರೆ ಹೊತ್ತಿರುವ ನಮ್ಮ ಶಿಕ್ಷಕರ ಮೇಲೆ ಇದನ್ನು ಮತ್ತೊಂದು ಹೊರೆಯಾಗಿ ಹೇರದೆ, ಕೆಲಸದ ಅವಧಿಯೆಂದೇ ಮುಖ್ಯೋಪಾಧ್ಯಾಯರು ಲೆಕ್ಕ ಹಿಡಿಯುವುದು ಒಳಿತು. ಎಲ್ಲರ ಮನೆಗೂ ಹೋಗಲಾಗದಿದ್ದರೆ ಒಂದನೇ ತರಗತಿಯ ಎಲ್ಲ ಮಕ್ಕಳ ಮನೆಗೆ ಹೋಗಿ, ಉಳಿದ ತರಗತಿಗಳಿಗೆ ಪತ್ರ ಮತ್ತು ಕರೆಯನ್ನು ಇಟ್ಟುಕೊಳ್ಳಬಹುದು. ಮನೆಗಳ ಗುರುತು ಹೇಳಲು, ಪೋಷಕರೇ ಹೆಚ್ಚಾಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರು ನೆರವಾಗಬಲ್ಲರು.

ಒಂದು ಪುಟದ ಪತ್ರ

ಪತ್ರ ಒಂದೇ ಪುಟದ್ದಾಗಿರಲಿ. ಶಿಕ್ಷಕರ ಹೆಸರು, ಕಲಿಸುವ ವಿಷಯ, ಮಾತನಾಡಬಲ್ಲ ಭಾಷೆಗಳು, ಮೊದಲ ದಿನ ಮಗು ಎಲ್ಲಿಗೆ ಬರಬೇಕು, ಶಾಲೆ ಬಿಡುವ ಹೊತ್ತು, ಕರೆ ಮಾಡಬಹುದಾದ ಸಮಯ ಇಷ್ಟು ಸಾಕು. ಸಮಯವನ್ನು ಸ್ಪಷ್ಟವಾಗಿ ಹೇಳಿದರೆ ರಾತ್ರಿ ಹತ್ತಕ್ಕೆ ಬರುವ ಕರೆಗಳೂ ತಪ್ಪುತ್ತವೆ. ಪದವಿ, ಪ್ರಶಸ್ತಿಗಳ ಪಟ್ಟಿಗೆ ಅಲ್ಲಿ ಸ್ಥಳವಿಲ್ಲ.

ಹೇಳುವುದಕ್ಕಿಂತ ಕೇಳುವುದು ಮುಖ್ಯ. ಮಗುವನ್ನು ಮನೆಯಲ್ಲಿ ಏನೆಂದು ಕರೆಯುತ್ತಾರೆ? ಯಾವ ಭಾಷೆಯಲ್ಲಿ ಅಳುತ್ತದೆ, ನಗುತ್ತದೆ? ಶಾಲೆಯಿಂದ ಕರೆದೊಯ್ಯುವವರು ಅಜ್ಜಿಯೋ, ಅಕ್ಕನೋ, ಪಕ್ಕದ ಮನೆಯವರೋ? ಒಗ್ಗದ ಆಹಾರ, ನಿತ್ಯದ ಔಷಧ ಏನಾದರೂ ಇದೆಯೇ? ಈ ಮಗುವಿನ ಬಗ್ಗೆ ಮನೆಯವರ ಆಸೆಯೇನು? ಇವುಗಳಲ್ಲಿ ಹೆಚ್ಚಿನವಕ್ಕೆ ದಾಖಲಾತಿ ಅರ್ಜಿಯಲ್ಲಿ ಉತ್ತರ ದೊರೆಯುವುದಿಲ್ಲ. ದೊರೆತ ಉತ್ತರವನ್ನು ಶಿಕ್ಷಕರು ತಮ್ಮಲ್ಲಿಯೇ ಇಟ್ಟುಕೊಳ್ಳಬೇಕು. ಪೋಷಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಮನೆಯ ಮಾತು ಹರಿದಾಡಿದರೆ ಕಟ್ಟಿದ ನಂಬಿಕೆಯೆಲ್ಲ ಅಂದೇ ಮುರಿಯುತ್ತದೆ.

ಇದರ ಫಲ ಶಾಲೆ ತೆರೆದ ದಿನವೇ ಕಾಣಲಾರದು. ಆಗಸ್ಟ್‌ನಲ್ಲಿ ಮಗು ಮೂರು ದಿನ ಸತತವಾಗಿ ಬಾರದೆ, ಶಿಕ್ಷಕರು ಮನೆಗೆ ಕರೆ ಮಾಡಿದಾಗ ಅದು ಕಾಣುತ್ತದೆ. ಗುರುತಿಲ್ಲದ ದನಿಗೆ ಸಿಗುವುದು 'ಜ್ವರ' ಎಂಬ ಒಂದು ಪದದ ಉತ್ತರ. ಪರಿಚಿತ ದನಿಗಾದರೆ ಬಾಡಿಗೆ ಕಟ್ಟಲಾಗದೆ ಮನೆ ಬದಲಿಸುತ್ತಿರುವ ಸಂಗತಿ ತಿಳಿಯುತ್ತದೆ. ಮಗು ಶಾಲೆಯಲ್ಲಿ ಉಳಿಯುವಂತೆ ದಾರಿ ಹುಡುಕಲು ಆಗಿನ್ನೂ ಸಮಯವಿರುತ್ತದೆ.